ಕೆರಿಬಿಯನ್ ಬಾಣಸಿಗರೂ ನನ್ನ ಕಡಲೆಕಾಯಿಯೂ

ಅವರ ಎಡ ಮುಂಗೈಯ ಮೇಲೆ ಐದು ಸುಟ್ಟ ಗೆರೆಗಳಿದ್ದವು. ಯಾರೋ ಅಳತೆಪಟ್ಟಿ ಹಿಡಿದು ಎಳೆದ ಹಾಗೆ ಒಂದರ ಕೆಳಗೊಂದು ಒಪ್ಪವಾಗಿ ಕುಳಿತಿದ್ದವು. ಹಡಗಿನ ಅಡುಗೆಮನೆಯಲ್ಲಿ ಸಮುದ್ರ ಹೊರಳಿದಾಗಲೆಲ್ಲ ಒಲೆಯ ಕಂಬಿ ತಗುಲಿ ಆದ ಗುರುತುಗಳು. ಕೇಳಿದವರಿಗೆ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು, "ಇದು ಜಮೈಕಾ, ಇದು ಬಾರ್ಬಡೋಸ್, ಇದು ಟ್ರಿನಿಡಾಡ್, ಇದೂ ಟ್ರಿನಿಡಾಡೇ" ಎಂದು ಭೂಗೋಳದ ಪಾಠ ಮಾಡುತ್ತಿದ್ದರು. ಐದನೆಯದಕ್ಕೆ ಬಂದಾಗ ದನಿ ತಗ್ಗಿಸಿ "ಇದು ಕಳವಾರ" ಎನ್ನುತ್ತಿದ್ದರು. ಸಮುದ್ರವಿಲ್ಲದ ಊರಿನಲ್ಲಿ, ಅಲುಗಾಡದ ನೆಲದ ಮೇಲೆ ನಿಂತು ಕೈ ಸುಟ್ಟುಕೊಂಡದ್ದಕ್ಕೆ ಅವರಿಗೆ ನಾಚಿಕೆಯಿತ್ತು.

ಹನ್ನೊಂದು ವರ್ಷ ಪ್ರವಾಸಿ ಹಡಗುಗಳಲ್ಲಿ ಅಡುಗೆ ಮಾಡಿ, ಕೈವಾರದ ಹತ್ತಿರದ ಹಳ್ಳಿಯಲ್ಲಿದ್ದ ತಾಯಿಗೆ ವಯಸ್ಸಾಯಿತೆಂದು ವಾಪಸು ಬಂದವರು ಅವರು. ಸ್ಕಂದಗಿರಿಯ ತಪ್ಪಲಿನ ಕಳವಾರದಲ್ಲಿ ಆಗಷ್ಟೇ ಎದ್ದಿದ್ದ ಒಂದು ರೆಸಾರ್ಟಿನಲ್ಲಿ ಮುಖ್ಯ ಬಾಣಸಿಗರಾಗಿದ್ದರು. ಅಲ್ಲಿನ ನೌಕರರೆಲ್ಲ ಅವರನ್ನು 'ಷೆಫ್' ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಮದುವೆಯಾಗಿರಲಿಲ್ಲ. ಎರಡು ಹಡಗುಗಳ ನಡುವಿನ ರಜೆಯಲ್ಲಿ ಆಗಬೇಕಿತ್ತಂತೆ, ರಜೆ ಸಾಲಲಿಲ್ಲವಂತೆ.

ಇನ್ನು ನನ್ನ ವಿಷಯ. ಚಿಕ್ಕಬಳ್ಳಾಪುರದಲ್ಲಿ ಮನೆ, ಶಿಡ್ಲಘಟ್ಟದ ರೇಷ್ಮೆ ಕಚೇರಿಯಲ್ಲಿ ಗುಮಾಸ್ತಿಕೆ, ನಡುವೆ ಒಂದು ಬಸ್ಸು. ಇಷ್ಟೇ ಆಗಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಆದರೆ ದೇವರು ನನ್ನನ್ನು ಕಡಲೆಕಾಯಿಯ ಸೀಮೆಯಲ್ಲಿ ಹುಟ್ಟಿಸಿ, ಕಡಲೆಕಾಯಿ ಬಾಯಿಗೆ ಬಿದ್ದರೆ ಗಂಟಲು ಕಟ್ಟಿ ಉಸಿರು ನಿಲ್ಲುವ ಶರೀರವನ್ನು ದಯಪಾಲಿಸಿದ್ದ. ಆರನೆಯ ವಯಸ್ಸಿನಲ್ಲಿ, ಯಾರದೋ ಮದುವೆಯಲ್ಲಿ, ಒಂದು ಚೂರು ಕಡಲೆಮಿಠಾಯಿಗೆ ನಾನು ನೀಲಿಯಾದೆನಂತೆ. ವೈದ್ಯರು ಬದುಕಿಸಿದರು. ಮರುದಿನ ನಮ್ಮ ತಂದೆ, ಗಂಡುಮಗುವಿಗೆ ರೋಗವಿದೆ ಎಂದು ಊರಿಗೆ ಗೊತ್ತಾಗಬಾರದೆಂದು ಒಂದು ಕಟ್ಟಪ್ಪಣೆ ಮಾಡಿದರು: "ಯಾರು ಏನು ಕೊಟ್ಟರೂ ವ್ರತ ಅನ್ನು." ಹಾಗೆ ನಾನು ಆರನೆಯ ವಯಸ್ಸಿಗೇ ವ್ರತಸ್ಥನಾದೆ. ಐವತ್ತು ದಾಟುವವರೆಗೂ ವ್ರತ ಭಂಗವಾಗಲಿಲ್ಲ.

ನಮ್ಮ ಕಡೆ ಚಿತ್ರಾನ್ನದಲ್ಲಿ ಕಡಲೆಕಾಯಿ, ಉಪ್ಪಿಟ್ಟಿನಲ್ಲಿ ಕಡಲೆಕಾಯಿ, ಚಟ್ನಿಯಲ್ಲಿ ಕಡಲೆಕಾಯಿ, ಬದನೆಕಾಯಿ ಹೊಟ್ಟೆಯೊಳಗೂ ಕಡಲೆಕಾಯಿ. ಹೆಣ್ಣು ನೋಡಲು ಹೋದ ಮೂರು ಮನೆಗಳಲ್ಲೂ ತಟ್ಟೆಯ ಉಪ್ಪಿಟ್ಟನ್ನು ಮುಟ್ಟದೆ ಎದ್ದು ಬಂದೆ. ನಾಲ್ಕನೆಯ ಮನೆಯವರು ನೋಡಲು ಕರೆಯಲೇ ಇಲ್ಲ. ಹೀಗೆ ಒಂಟಿಯಾಗಿ ಉಳಿದವನು ತಾನೇ ಬೇಯಿಸಿಕೊಂಡು, ತಾನೇ ಡಬ್ಬಿ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ ಉಣ್ಣುವುದನ್ನು ರೂಢಿ ಮಾಡಿಕೊಂಡೆ. ಗೋಡೆಗೆ ಒಂದು ಗುಣವಿದೆ: ಇನ್ನೊಂದು ತುತ್ತು ಹಾಕಿಸಿಕೊಳ್ಳಿ ಎಂದು ಒತ್ತಾಯ ಮಾಡುವುದಿಲ್ಲ.

ನಾವಿನ್ನೂ ಕೋಲಾರ ಜಿಲ್ಲೆಯವರಾಗಿಯೇ ಇದ್ದ ಕಾಲ. ರೇಷ್ಮೆಹುಳುವಿನ ಆರೋಗ್ಯದ ಬಗ್ಗೆ ಒಂದು ದಿನದ ಕಾರ್ಯಾಗಾರವನ್ನು ಆ ರೆಸಾರ್ಟಿನಲ್ಲಿ ಇಟ್ಟುಕೊಂಡಿದ್ದರು. ಹುಳುವಿಗೂ ಈಜುಕೊಳಕ್ಕೂ ಏನು ಸಂಬಂಧವೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಮಧ್ಯಾಹ್ನ ಎಲ್ಲರೂ ಊಟದ ಸಾಲಿಗೆ ಹೋದರು. ನಾನು ಜೀಪುಗಳು ನಿಂತಿದ್ದ ಕಡೆ ಹೊಂಗೆಮರದ ಕೆಳಗೆ ಕುಳಿತು ಡಬ್ಬಿ ಬಿಚ್ಚಿದೆ. ಬಿಳಿ ಕೋಟಿನ ಒಬ್ಬರು ಅಡುಗೆಮನೆಯ ಹಿಂಬಾಗಿಲಿನಿಂದ ನೇರವಾಗಿ ನನ್ನ ಕಡೆಗೇ ಬಂದರು.

"ಸಾರ್, ಒಳಗೆ ಜಾಗ ಐತೆ."

"ಪರವಾಗಿಲ್ಲ. ಇವತ್ತು ವ್ರತ."

"ಯಾವ ವ್ರತ ಸಾರ್?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆವತ್ತು ಹಬ್ಬವಲ್ಲ, ಏಕಾದಶಿಯಲ್ಲ, ಏನೂ ಅಲ್ಲದ ಒಂದು ಬುಧವಾರ. ಯಾವ ದೇವರ ಮೇಲೆ ಹಾಕಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅವರೇ ಹೇಳಿದರು:

"ನಮ್ಮ ಕೈ ಅಡುಗೆ ಅಂತ ಇದ್ರೆ ಹೇಳ್ಬಿಡಿ. ಬೇಜಾರಿಲ್ಲ. ನಮ್ಮ ಕೇರಿ ಊರಾಚೆ ಇರೋದು, ಈ ವ್ರತ ಎಲ್ಲಾ ನಾವು ಚಿಕ್ಕೋರಿಂದ ನೋಡ್ಕೊಂಡೇ ಬಂದಿದ್ದೀವಿ."

ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಸೋಲಿಸಿತು. "ಕಡಲೆಕಾಯಿ" ಎಂದೆ. "ತಿಂದರೆ ಸಾಯ್ತೀನಿ."

ಅವರು ನಗಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತರು. "ತುಟಿ ಊದ್ಕೊಳ್ತದಾ, ಗಂಟಲಾ? ಎಷ್ಟು ಹೊತ್ತಿಗೆ? ಮುಟ್ಟಿದ್ರೂ ಆಗ್ತದಾ? ಗಾಣದೆಣ್ಣೆ?" ಒಂದಾದ ಮೇಲೊಂದು ಕೇಳಿದರು. ಯಾವ ವೈದ್ಯರೂ ಇಷ್ಟು ಕೇಳಿರಲಿಲ್ಲ. ಎಣ್ಣೆಯ ಮಾತು ಬಂದಾಗ ನಾನು ಅವರ ಮುಖವನ್ನೇ ನೋಡಿದೆ. ನಮ್ಮ ಸೀಮೆಯ ಜನಕ್ಕೆ ಕಡಲೆಕಾಯಿ ಬೇರೆ, ಎಣ್ಣೆ ಬೇರೆ. "ಕಡಲೆಕಾಯಿ ಹಾಕಿದ್ದೀರಾ?" ಎಂದರೆ "ಅಯ್ಯೋ, ಒಂದು ಕಾಳೂ ಇಲ್ಲ" ಎನ್ನುತ್ತಾರೆ, ಮನಃಪೂರ್ವಕವಾಗಿ ಎನ್ನುತ್ತಾರೆ, ಕಡಲೆಕಾಯಿಯನ್ನೇ ಗಾಣಕ್ಕೆ ಹಾಕಿ ತೆಗೆದ ಎಣ್ಣೆಯಲ್ಲಿ ಕರಿದ ಬೋಂಡವನ್ನು ಕೈಯಲ್ಲಿ ಹಿಡಿದುಕೊಂಡು. ಆ ಎಣ್ಣೆಯನ್ನು ತಾನಾಗಿ ಕೇಳಿದ ಮೊದಲ ಮನುಷ್ಯರು ಇವರು.

"ಹಡಗಲ್ಲಿ ಇದನ್ನ ಅಲರ್ಜಿ ಅಂತಾರೆ ಸಾರ್. ಬಂದೋರೇ ಮೊದಲು ಹೇಳ್ತಾರೆ, ಆಮೇಲೆ ಕುರ್ಚಿ ಎಳ್ಕೊಂಡು ಕೂತ್ಕೊತಾರೆ. ಯಾರಿಗೂ ನಾಚ್ಕೆ ಇಲ್ಲ. ಹೇಳಿ ತಿನ್ನಿ ಸಾರ್, ಅಷ್ಟೇ."

'ಹೇಳಿ ತಿನ್ನಿ' ಎನ್ನುವುದು ಅವರ ಇಡೀ ತತ್ತ್ವಶಾಸ್ತ್ರವಾಗಿತ್ತು. ಅದಕ್ಕಿಂತ ಉದ್ದದ ತತ್ತ್ವವನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ.

ರೆಸಾರ್ಟಿನ ಮ್ಯಾನೇಜರಿಗೆ ಆ ದಿನಗಳಲ್ಲಿ ಒಂದು ಹೊಳಹು ಬಂದಿತ್ತು. ವಿಮಾನ ನಿಲ್ದಾಣ ಬರುತ್ತದೆ, ವಿದೇಶದವರು ಬರುತ್ತಾರೆ, ಅವರಿಗೆಂದು 'ಕೆರಿಬಿಯನ್ ಉತ್ಸವ' ಆಗಬೇಕು, ಊಟಕ್ಕೆ ಮುಂಚಿನ ಸಣ್ಣ ತಿಂಡಿಗಳೆಲ್ಲ ಅಲರ್ಜಿಯವರೂ ತಿನ್ನುವಂತಿರಬೇಕು. ಷೆಫ್ ನನ್ನನ್ನು ಕೇಳಿಕೊಂಡರು: "ಮಂಗಳವಾರ ಇಲ್ಲಿ ಯಾರೂ ಇರಲ್ಲ. ನೀವು ಬಂದು ರುಚಿ ನೋಡಿ. ನನ್ನ ಬಾಣಲೆ ಶುದ್ಧವಾಗಿದೆಯೋ ಇಲ್ಲವೋ ನಿಮ್ಮ ಗಂಟಲಿಗಿಂತ ಚೆನ್ನಾಗಿ ಯಾರೂ ಹೇಳಕ್ಕಾಗಲ್ಲ." ಜೀವಮಾನವೆಲ್ಲ ನನಗೆ ಹೊರೆಯಾಗಿದ್ದ ಗಂಟಲಿಗೆ ಹೀಗೆ ಒಂದು ಹುದ್ದೆ ಸಿಕ್ಕಿತು. ಮಂಗಳವಾರಗಳಂದು ಅರ್ಧ ದಿನ ರಜೆ ಹಾಕಲು ಶುರುಮಾಡಿದೆ.

ಅವರ ಕೆಲಸದ ಕ್ರಮ ಪೂಜೆಗಿಂತ ಕಟ್ಟುನಿಟ್ಟು. ಮೊಳಕೈವರೆಗೆ ಎರಡು ಸಲ ಸೋಪು. ನನ್ನ ಬಾಣಲೆ, ನನ್ನ ಜಾಲರಿ ಸೌಟು, ನನ್ನ ಹಲಗೆ, ಮೂರಕ್ಕೂ ಕೆಂಪು ದಾರ ಕಟ್ಟಿ ಬೇರೆ ಮೊಳೆಗೆ ನೇತುಹಾಕಿದ್ದರು. ಸೂರ್ಯಕಾಂತಿ ಎಣ್ಣೆಯ ಡಬ್ಬವನ್ನು ನನ್ನ ಮುಂದೆಯೇ ಕತ್ತರಿಸಿ ತೆಗೆಯುತ್ತಿದ್ದರು. ಮಾಡಿದ್ದನ್ನು ಮೊದಲು ತಾವು ಒಂದು ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ನಾನು ಒಂದು ಚೂರನ್ನು ತುಟಿಗೆ ಮುಟ್ಟಿಸಿ ಹತ್ತು ನಿಮಿಷ ಕಾಯಬೇಕು. ಆ ಹತ್ತು ನಿಮಿಷವೂ ಅವರು ರೆಸಾರ್ಟಿನ ಜೀಪಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು ಎದುರಿಗೆ ಕುಳಿತಿರುತ್ತಿದ್ದರು. "ಆಸ್ಪತ್ರೆಗೆ ಹದಿನೆಂಟು ನಿಮಿಷ. ಭಾನುವಾರ ಹೋಗಿ ನೋಡ್ಕೊಂಡು ಬಂದೆ" ಎಂದಿದ್ದರು ಮೊದಲ ದಿನ. ನನಗಾಗಿ ಯಾರೋ ರಸ್ತೆ ಅಳೆದು ಬಂದದ್ದು ಅದೇ ಮೊದಲು. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಅವರು ಗಾಬರಿಯಾಗಿ ಎದ್ದರು. ಇದು ಕಡಲೆಕಾಯಿಯದಲ್ಲ ಎಂದು ಸಮಾಧಾನ ಹೇಳಬೇಕಾಯಿತು.

ಕೆರಿಬಿಯನ್ ಎಂದರೆ ನಾನು ಏನೇನೋ ಊಹಿಸಿಕೊಂಡಿದ್ದೆ. ನೋಡಿದರೆ ನಮ್ಮ ಸಂತೆಯೇ ಬಾಣಲೆಗೆ ಬಿದ್ದಂತಿತ್ತು. ಬಾಳೆಕಾಯಿಯನ್ನು ದಪ್ಪಕ್ಕೆ ಹೆಚ್ಚಿ ಕರಿದು, ಚೊಂಬಿನ ತಳದಿಂದ ಚಪ್ಪಟೆ ಮಾಡಿ, ಮತ್ತೆ ಕರಿಯುವುದು. ಸಿಹಿಗುಂಬಳದ ತುರಿಗೆ ಅಕ್ಕಿಹಿಟ್ಟು, ಚಕ್ಕೆಪುಡಿ ಕಲಸಿ ಎಣ್ಣೆಗೆ ಬಿಡುವುದು. ಅನಾನಸಿನ ಹೋಳುಗಳಿಗೆ ಖಾರ ಸವರಿ ಸುಡುವುದು. ಹಾಲಿಲ್ಲ, ಮೊಟ್ಟೆಯಿಲ್ಲ, ಗೋಧಿಯಿಲ್ಲ, ಕಡಲೆಕಾಯಿಯಿಲ್ಲ. ಇಷ್ಟನ್ನೆಲ್ಲ ತೆಗೆದ ಮೇಲೆ ಉಳಿಯುವುದು ಋಷಿಗಳ ಆಹಾರ ಮಾತ್ರ ಎಂದುಕೊಂಡಿದ್ದವನು ಬಾಳೆಕಾಯಿಯನ್ನು ಮೂರು ಸಲ ಹಾಕಿಸಿಕೊಂಡೆ.

ಒಂದು ಮಂಗಳವಾರ ಹೊಂಬಣ್ಣದ ಉಂಡೆಗಳನ್ನು ತಂದಿಟ್ಟರು. ಕಚ್ಚಿದೆ. "ಇದು ನಮ್ಮಜ್ಜಿ ಮಾಡ್ತಿದ್ದ ಅಲಸಂದೆ ವಡೆ" ಎಂದೆ, ಮೋಸ ಕಂಡುಹಿಡಿದವನ ಗತ್ತಿನಲ್ಲಿ.

"ಹೌದು ಸಾರ್. ಅಲ್ಲಿಯೋರ ಅಜ್ಜೀರನ್ನ ಆಫ್ರಿಕಾದಿಂದ ಕೈಕಾಲು ಕಟ್ಟಿ ಹಡಗಲ್ಲಿ ತುಂಬ್ಕೊಂಡು ಹೋದ್ರಂತೆ. ಹೆಸರು ಮರೆಸಿದ್ರು, ಊರು ಮರೆಸಿದ್ರು. ವಡೆ ಮಾತ್ರ ಮರೀಲಿಲ್ಲ."

ಆಮೇಲೆ ಅವರೂ ಒಂದು ತಟ್ಟೆ ತಂದುಕೊಂಡು ಎದುರಿಗೆ ಕುಳಿತರು. "ಹನ್ನೊಂದು ವರ್ಷ ನಿಂತ್ಕೊಂಡೇ ಉಂಡಿದ್ದೀನಿ ಸಾರ್. ಅಡುಗೆಯೋರು ಕೂತು ತಿನ್ನೋದು ಎಲ್ಲೂ ಇಲ್ಲ" ಎಂದರು. ಅರವತ್ತು ಜನ ಕೂರಬಹುದಾದ ಆ ಖಾಲಿ ಹಜಾರದಲ್ಲಿ, ಮಡಿಸಿಟ್ಟ ಕೈವಸ್ತ್ರಗಳ ನಡುವೆ, ನಾವಿಬ್ಬರೇ ಕುಳಿತು ಅಲಸಂದೆ ವಡೆ ತಿಂದೆವು. ಊಟದ ಹೊತ್ತಿನಲ್ಲಿ ನನ್ನ ಎದುರಿಗೆ ಗೋಡೆಯ ಬದಲು ಮುಖವಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ಆ ಸುಟ್ಟ ಗೆರೆಗಳನ್ನೇ ನೋಡುತ್ತಿದ್ದೆ.

ಅಂಥದೇ ಒಂದು ಹತ್ತು ನಿಮಿಷದ ಕಾಯುವಿಕೆಯಲ್ಲಿ ನಾನು ಅವರಿಗೆ ನಮ್ಮ ಇನ್ಸ್‌ಪೆಕ್ಟರ ವಿಷಯ ಹೇಳಿದೆ.

ಅವರು ನಮ್ಮ ಕಚೇರಿಯ ರೇಷ್ಮೆ ಇನ್ಸ್‌ಪೆಕ್ಟರು. ಒಂದು ಕಾಲಕ್ಕೆ ನನ್ನ ಏಕೈಕ ಗೆಳೆಯರು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಏಳು ವರ್ಷ ಒಂದೇ ಸೀಟಿನಲ್ಲಿ ಕುಳಿತು ಓಡಾಡಿದವರು ನಾವು. ನನ್ನನ್ನು 'ರಾಯರೇ' ಎಂದು ಕರೆಯುತ್ತಿದ್ದರು. ಅವರ ಕೇರಿಯೂ ಊರಾಚೆಯದೇ. ಅವರು ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು, ಹೋದೆ. ಅವರ ತಾಯಿ, ಎಪ್ಪತ್ತು ದಾಟಿದ ಮುದುಕಿ, ತಾವೇ ಎಲೆ ಹಾಸಿ ಕರೆದರು. ಚಿತ್ರಾನ್ನ ಕಂಡಿತು. ನಾನು ಯಥಾಪ್ರಕಾರ "ಇವತ್ತು ವ್ರತ ಅಮ್ಮ" ಎಂದೆ. ಆಕೆ ಮುಖ ಬಾಡಿಸಿಕೊಂಡು, "ಒಂದು ಬಾಳೆಹಣ್ಣಾದ್ರೂ ತಗೊಳ್ಳಿ ಸಾಮಿ" ಎಂದು ಚಾಚಿದರು. ಅವರ ಬೆರಳುಗಳಲ್ಲಿ ಚಿತ್ರಾನ್ನದ ಎಣ್ಣೆ ಹೊಳೆಯುತ್ತಿತ್ತು. ಅದನ್ನೂ ಬೇಡವೆಂದೆ. ಮಾರನೆಯ ದಿನದಿಂದ ಇನ್ಸ್‌ಪೆಕ್ಟರು ಬಸ್ಸಿನ ಹಿಂದಿನ ಸೀಟಿಗೆ ಹೋದರು. 'ರಾಯರೇ' ಹೋಗಿ 'ಸಾರ್' ಬಂತು. ಒಂಬತ್ತು ವರ್ಷವಾಯಿತು.

ಷೆಫ್ ಎಲ್ಲವನ್ನೂ ಕೇಳಿಸಿಕೊಂಡರು. ಬೀಗದಕೈಯನ್ನು ಮೇಜಿನ ಮೇಲಿಟ್ಟರು.

"ಅಂದ್ರೆ, ಕಾಯಿಲೆ ಅಂತ ಹೇಳ್ಕೊಳ್ಳಕ್ಕೆ ನಾಚ್ಕೆ ಆಯ್ತು. ಜಾತಿ ಅಂತ ಅವರು ತಿಳ್ಕೊಂಡ್ರೆ ನಾಚ್ಕೆ ಆಗ್ಲಿಲ್ಲ. ಅಲ್ವಾ ಸಾರ್?"

ನಾನು ಗಡಿಯಾರ ನೋಡಿದೆ. ಹತ್ತು ನಿಮಿಷಕ್ಕೆ ಇನ್ನೂ ಆರು ಬಾಕಿಯಿತ್ತು.

"ಕರ್ಕೊಂಡು ಬನ್ನಿ ಅವರನ್ನ" ಎಂದರು. "ಒಂದೇ ತಟ್ಟೇಲಿ ಹಾಕಿಕೊಡ್ತೀನಿ. ಮಾತು ಮಾತ್ರ ನೀವೇ ಆಡ್ಬೇಕು. ನಾನು ಆಡಲ್ಲ."

ಬಾಯಲ್ಲಿ ಕರೆಯಲು ಧೈರ್ಯವಾಗಲಿಲ್ಲ. ಬರವಣಿಗೆಯಲ್ಲಿ ನಾನು ಶೂರ. 'ವಿಷಯ: ಕೆರಿಬಿಯನ್ ತಿಂಡಿಗಳ ರುಚಿ ಪರೀಕ್ಷೆಗೆ ಹಾಜರಾಗುವ ಬಗ್ಗೆ' ಎಂದು ಒಂದು ಟಿಪ್ಪಣಿ ಬರೆದು ಇನ್ಸ್‌ಪೆಕ್ಟರ ಮೇಜಿನ ಕಡತಗಳ ಮೇಲಿಟ್ಟೆ. ಅದರ ಕೆಳಗೆ ಅವರು 'ನೋಡಿದೆ' ಎಂದು ಸಹಿ ಹಾಕಿ ಕಳಿಸಿದರು. ಬರುತ್ತಾರೋ ಇಲ್ಲವೋ ಅದರಿಂದ ತಿಳಿಯುವಂತಿರಲಿಲ್ಲ. ಮಂಗಳವಾರ ಬಂದರು. ಬೆನ್ನು ನೆಟ್ಟಗೆ ಮಾಡಿಕೊಂಡು, ತಪಾಸಣೆಗೆ ಬಂದವರಂತೆ ಕುರ್ಚಿಯ ತುದಿಯಲ್ಲಿ ಕುಳಿತರು.

ಷೆಫ್ ತಟ್ಟೆ ಇಟ್ಟು, ಕೈಕಟ್ಟಿ ಪಕ್ಕದಲ್ಲಿ ನಿಂತರು. ನಾನು ಒಂದು ಬಾಳೆಕಾಯಿ ತಿಂದೆ. ಇನ್ನೊಂದು ತಿಂದೆ. ಹವೆಯ ಬಗ್ಗೆ ಎರಡು ಮಾತಾಡಿದೆ. ಷೆಫ್ ಸಣ್ಣಗೆ ಕೆಮ್ಮಿದರು.

"ನನಗೆ ಕಡಲೆಕಾಯಿ ಆಗೋದಿಲ್ಲ" ಎಂದೆ. "ಚಿಕ್ಕಂದಿನಿಂದ. ಅದರ ಎಣ್ಣೆಯೂ ಆಗೋದಿಲ್ಲ, ಪ್ರಾಣಕ್ಕೇ ಬರುತ್ತೆ. ಅವತ್ತು ನಿಮ್ಮ ಮನೆಯಲ್ಲಿ ವ್ರತ ಇರಲಿಲ್ಲ. ಯಾವತ್ತೂ ಇರಲಿಲ್ಲ."

ಇನ್ಸ್‌ಪೆಕ್ಟರು ನನ್ನನ್ನು ನೋಡಿದರು, ಷೆಫ್‌ರನ್ನು ನೋಡಿದರು, ಅಡುಗೆಮನೆಯ ಬಾಗಿಲಿನಾಚೆ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಕೆಂಪು ದಾರದ ಬಾಣಲೆಯನ್ನೂ ನೋಡಿದರು.

"ನಮ್ಮವ್ವ ಆ ಬಾಳೆಹಣ್ಣನ್ನ ಸಾಯಂಕಾಲದವರೆಗೂ ಕೈಯಲ್ಲೇ ಇಟ್ಕೊಂಡಿದ್ರು" ಎಂದರು. ದನಿ ಸಮವಾಗಿಯೇ ಇತ್ತು. "ಹೋದ ವರ್ಷ ತೀರ್ಕೊಂಡ್ರು. ಹೇಳಿದ್ದಿದ್ರೆ ಕೈ ತೊಳ್ಕೊಂಡು ಬರ್ತಿದ್ರಲ್ಲ ಸಾರ್."

ಅವರು ತಟ್ಟೆಯಿಂದ ಒಂದು ವಡೆ ತೆಗೆದುಕೊಂಡು ಪೂರ್ತಿ ತಿಂದರು. ಮಾಡಿದವರಿಗೆ "ಚೆನ್ನಾಗಿದೆಯಪ್ಪ" ಎಂದರು. ನನಗೆ "ಬರ್ತೀನಿ" ಎಂದರು. ಮರುದಿನ ಬಸ್ಸಿನಲ್ಲಿ ಹಿಂದಿನ ಸೀಟು ಬಿಟ್ಟು ನಡುವಿನ ಸೀಟಿಗೆ ಬಂದು ಕುಳಿತರು. ನನ್ನ ಪಕ್ಕಕ್ಕಲ್ಲ.

ಷೆಫ್ ಮುಂದಿನ ವಾರ ಆ ಮಾತೆತ್ತಲಿಲ್ಲ. ಕುಂಬಳಕಾಯಿಗೆ ಉಪ್ಪು ಹೆಚ್ಚಾಯಿತೇ ಎಂದಷ್ಟೇ ಕೇಳಿದರು. ಹೆಚ್ಚಾಗಿತ್ತು. ಇಲ್ಲವೆಂದೆ.

ಉತ್ಸವ ನಡೆಯಿತು. ಬೆಂಗಳೂರಿನಿಂದ ಒಂದು ಕಂಪನಿಯವರು ಎರಡು ಬಸ್ಸುಗಳಲ್ಲಿ ಬಂದಿಳಿದರು. ತಿಂಡಿಪಟ್ಟಿಯ ಹೊಳೆಯುವ ಕಾರ್ಡುಗಳನ್ನು ತಿರುವಿ ನೋಡಿ, ಗೋಬಿ ಮಂಚೂರಿ ಇದೆಯೇ ಎಂದು ವಿಚಾರಿಸಿದರು. ಇತ್ತು. ಎರಡು ದಿನ ಅದನ್ನೇ ತಿಂದರು. ಅಲರ್ಜಿಯವರು ಯಾರಾದರೂ ಇದ್ದಾರೆಯೇ ಎಂದು ಷೆಫ್ ಮೇಜು ಮೇಜಿಗೂ ಹೋಗಿ ಕೇಳಿದ್ದಕ್ಕೆ, ಒಬ್ಬಾತ ತನಗೆ ತನ್ನ ಮ್ಯಾನೇಜರೇ ಅಲರ್ಜಿಯೆಂದು ಹೇಳಿ ಇಡೀ ಮೇಜನ್ನು ನಗಿಸಿದನಂತೆ. ಇಡೀ ಕೆರಿಬಿಯನ್ ದ್ವೀಪಸಮೂಹಕ್ಕೆ ಚಿಕ್ಕಬಳ್ಳಾಪುರದಲ್ಲಿ ದೊರೆತ ಗಿರಾಕಿ ನಾನೊಬ್ಬನೇ.

ಕೆಲವು ತಿಂಗಳಲ್ಲಿ ಅವರು ರೆಸಾರ್ಟು ಬಿಟ್ಟು ಕುಡುಮಲಕುಂಟೆಯ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ಸೇರಿದರು. ಅಲ್ಲಿ ಮಂಗಳವಾರವೂ ಜನ. ಒಂದು ಸಲ ಹೋಗಿ ಕಂಡೆ. ಬಡಿಸುವ ಕಿಟಕಿಯ ಪಕ್ಕದ ಕರಿಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿದ್ದರು: 'ಇವತ್ತು ಚಟ್ನಿಯಲ್ಲಿ ಕಡಲೆಕಾಯಿ ಇದೆ. ಎಣ್ಣೆ ಸೂರ್ಯಕಾಂತಿ. ಆಗದವರು ಹೇಳಿ ತಿನ್ನಿ.' ಕೆಲಸಗಾರರಿಗೆ ಅದೊಂದು ತಮಾಷೆ. "ಷೆಫ್, ನನಗೆ ಕೆಲಸ ಆಗಲ್ಲ, ಬರೆದುಬಿಡಿ" ಎಂದು ಒಬ್ಬ ಕೂಗಿದ. "ನಿಂದು ಹಲಗೆ ಸಾಲಲ್ಲ ಕಣಪ್ಪ, ಗೋಡೆ ಬೇಕು" ಎಂದರು ಇವರು. ಇಬ್ಬರು ಬಂದು ಮೆಲ್ಲಗೆ ಹೇಳಿಕೊಂಡಿದ್ದಾರೆ ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಒಬ್ಬಳಿಗೆ ಹಾಲು, ಒಬ್ಬನಿಗೆ ಮೊಟ್ಟೆ. ಬಹುಮಾನ ಬಂದವರ ಮುಖವಾಗಿತ್ತು ಅದು.

ಆ ಮೇಲೆ ಮಂಗಳವಾರಗಳಂದು ಫೋನ್ ಮಾಡುತ್ತಿದ್ದರು. "ಏನ್ ತಿಂದ್ರಿ ಸಾರ್?" ಅಷ್ಟೇ ಪ್ರಶ್ನೆ. ಸಾರು-ಅನ್ನ ಎನ್ನುತ್ತಿದ್ದೆ. "ಯಾರ ಜೊತೆ?" ಎಂದು ಕೇಳುತ್ತಿರಲಿಲ್ಲ. ಆಮೇಲೆ ಫೋನ್ ಇಡುತ್ತಿದ್ದೆವು. ಹಾಗೆ ಎರಡು ವರ್ಷ ನಡೆಯಿತು. ಒಂದು ಮಂಗಳವಾರ ಅವರ ನಂಬರಿನಿಂದ ಕ್ಯಾಂಟೀನಿನ ಒಬ್ಬ ಹೆಂಗಸು ಮಾತಾಡಿದರು. ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದವರು ಎದೆ ಹಿಡಿದುಕೊಂಡು ಕುಳಿತರಂತೆ, ಏಳಲಿಲ್ಲವಂತೆ. ಹದಿನೆಂಟು ನಿಮಿಷವೂ ಬೇಕಾಗಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೊರಟೆ. ಇನ್ಸ್‌ಪೆಕ್ಟರಿಗೆ ಹೇಳಿದಾಗ ಸ್ವಲ್ಪ ಯೋಚಿಸಿ, "ಹೋಗಿ ಬನ್ನಿ ರಾಯರೇ" ಎಂದರು. ಆ ಸಂಬೋಧನೆ ಹನ್ನೆರಡು ವರ್ಷದ ಮೇಲೆ ಕಿವಿಗೆ ಬಿತ್ತು. ಜೊತೆಗೆ ಬರುತ್ತೇನೆ ಎನ್ನಲಿಲ್ಲ, ನಾನೂ ಕರೆಯಲಿಲ್ಲ.

ಕೈವಾರದ ಹತ್ತಿರ ಬಸ್ಸಿಳಿದು ಎರಡು ಮೈಲಿ ನಡೆದೆ. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಿಳಿ ಟೋಪಿ ಹಾಕಿಕೊಂಡ ಷೆಫ್, ಹಿಂದೆ ನೀಲಿ ಸಮುದ್ರ. ಚಪ್ಪರದ ಕೆಳಗೆ ಉದ್ದಕ್ಕೆ ಎಲೆ ಹಾಕಿದ್ದರು. ಸಾಲಿನ ಕೊನೆಯಲ್ಲಿ ಕುಳಿತೆ. ಬಡಿಸುತ್ತಾ ಬಂದ ಅವರ ತಾಯಿ ನನ್ನ ಎಲೆಯ ಮುಂದೆ ನಿಂತರು. ನನ್ನ ಪಕ್ಕದವನು ನನ್ನ ಅಂಗಿ, ಕನ್ನಡಕ, ಹಣೆ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದ. "ಅವರು ತಿನ್ನಲ್ಲ ಬಿಡಮ್ಮ" ಎಂದ, ನನ್ನನ್ನು ಪಾರುಮಾಡುವ ದನಿಯಲ್ಲಿ.

"ತಿಂತೀನಿ" ಎಂದೆ. ಬೇಕಾದದ್ದಕ್ಕಿಂತ ಜೋರಾಗಿ ಬಂತು, ಸಾಲಿನವರೆಲ್ಲ ತಿರುಗಿದರು. "ಅಮ್ಮಾ, ನನಗೆ ಕಡಲೆಕಾಯಿ ಆಗೋದಿಲ್ಲ. ಅದರ ಎಣ್ಣೇನೂ ಆಗೋದಿಲ್ಲ. ಗಂಟಲು ಕಟ್ಟಿ ಸತ್ತುಹೋಗ್ತೀನಿ. ಮಾಂಸ ತಿನ್ನಲ್ಲ. ಇವಿಷ್ಟು ಇಲ್ಲದ್ದು ಏನಿದ್ದರೂ ಹಾಕಿ."

ಮುದುಕಿ ಪಾತ್ರೆಯೊಳಗೆ ನೋಡಿದರು, ನನ್ನ ಮುಖ ನೋಡಿದರು. "ಅದಕ್ಕೇನು ನಾಯ್ನಾ, ಕುಂತಿರು" ಎಂದು ಒಳಗೆ ಹೋದರು. ನೀರು ಸುರಿಯುವ ಸದ್ದು, ಪಾತ್ರೆ ಉಜ್ಜುವ ಸದ್ದು ಕೇಳಿಸಿತು. ಸೌದೆ ಮುರಿದರು. ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಸಾಲಿನವರ ಊಟ ಮುಗಿದಿತ್ತು. ಕೊನೆಗೆ ಸೊಪ್ಪು ಬೇಯಿಸಿ ಬಸಿದ ಕಟ್ಟು, ಉಪ್ಪು, ಹಸಿಮೆಣಸಿನಕಾಯಿ, ಒಂದು ಬಿಸಿ ಮುದ್ದೆ ಬಂದವು. ಎಣ್ಣೆಯ ಒಂದು ತೊಟ್ಟೂ ಇರಲಿಲ್ಲ. ಆಕೆ ಎದುರಿಗೆ ಮಣೆ ಎಳೆದುಕೊಂಡು ಕುಳಿತರು.

ಮುದ್ದೆ ಸುಡುತ್ತಿತ್ತು, ಬೇಗ ತಿನ್ನಲಾಗಲಿಲ್ಲ. ತಲೆಯೆತ್ತಿ ನೋಡಿದೆ. ಸಾಲಿನ ಉದ್ದಕ್ಕೂ ಮೂವತ್ತು ನಲವತ್ತು ಜನ ಎಂಜಲು ಕೈ ಒಣಗಿಸಿಕೊಂಡು, ಮಡಚಿದ ಎಲೆಗಳ ಮುಂದೆ ಹಾಗೆಯೇ ಕುಳಿತಿದ್ದರು. ಮಕ್ಕಳು ಏಳಲು ಹೊರಟರೆ ದೊಡ್ಡವರು ತೊಡೆ ಒತ್ತಿ ಕೂರಿಸುತ್ತಿದ್ದರು. ನಾನು ಉಂಡು ಏಳುವವರೆಗೆ ಯಾರೂ ಏಳಲಿಲ್ಲ.